ತಂಬೂರಿ ಎಲ್ಲಿ ಹೋಯ್ತು? ಮನೆ ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಕೆಟ್ಟಾಗ ಹುಡುಕುವ ಬಗೆ

ಅಮ್ಮ ಹಾಡುವ ದೇವರನಾಮಗಳನ್ನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಡೋಣ ಅಂತ ಒಂದು ಸಂಜೆ ಕೂತೆವು. ಎಲೆಕ್ಟ್ರಾನಿಕ್ ತಂಬೂರಿ ಆನ್ ಮಾಡಿದೆ, ಅಮ್ಮ ಹಾಡಿದರು. ನಾಲ್ಕು ನಿಮಿಷ. ಆಮೇಲೆ ಕೇಳಿದರೆ ಮೊದಲ ಎರಡು ಸೆಕೆಂಡು ತಂಬೂರಿ ಇದೆ, ಅಲ್ಲಿಂದ ಮುಂದೆ ಇಲ್ಲ. ಅಮ್ಮ ಹಾಡುವಾಗ ದನಿಯ ಹಿಂದೆ ಒಂಚೂರು ಇಣುಕುತ್ತದೆ, ಅವರು ಉಸಿರು ತೆಗೆದುಕೊಂಡ ಕೂಡಲೇ ಪೂರ್ತಿ ಮಾಯ. ಸಾಲಿನ ಕೊನೆಯ ಸ್ವರವನ್ನು ಎಳೆದು ನಿಲ್ಲಿಸಿದ ಕಡೆಯೆಲ್ಲ ದನಿ ತೆಳ್ಳಗಾಗಿ, ನೀರಿನೊಳಗಿಂದ ಹಾಡಿದ ಹಾಗೆ ಕೇಳುತ್ತಿತ್ತು.

ಮೂರು ದಿನ ತಲೆ ಕೆಡಿಸಿಕೊಂಡೆ. ಮೈಕ್ ಬದಲಾಯಿಸಿದೆ, ವೈರ್ ಬದಲಾಯಿಸಿದೆ. ಅಂಗಡಿಯವರ ಮಾತು ಕೇಳಿ ಒಂದು ಯುಎಸ್‌ಬಿ ಸೌಂಡ್ ಕಾರ್ಡೂ ತಂದೆ. ಅದನ್ನು ಹಾಕಿದ ಮೇಲೂ ತೊಂದರೆ ಹಾಗೇ ಇತ್ತು. ಯಾಕೆ ಅಂತ ಆಮೇಲೆ ಗೊತ್ತಾಯಿತು. ಹೊಸ ಕಾರ್ಡ್ ಹಾಕಿದ್ದರೂ ಲ್ಯಾಪ್‌ಟಾಪ್ ಮಾತ್ರ ತನ್ನ ಪರದೆಯ ಮೇಲಿರುವ ಸಣ್ಣ ಮೈಕಿನಿಂದಲೇ ಕೇಳಿಸಿಕೊಳ್ಳುತ್ತಿತ್ತು. ಅಂದರೆ ದೋಷ ಒಂದಲ್ಲ, ಎರಡು. ಒಂದು ಇನ್ನೊಂದನ್ನು ಮುಚ್ಚಿಟ್ಟಿತ್ತು.

ಆ ಮೂರು ದಿನ ಹಾಳಾಗಿದ್ದು ದೋಷ ಕಷ್ಟದ್ದು ಅಂತ ಅಲ್ಲ. ನಾನು ಕಿವಿಗೊಟ್ಟು ಕೇಳುವ ಮೊದಲೇ ಸೆಟ್ಟಿಂಗ್ ತಿರುಗಿಸಲು ಶುರು ಮಾಡಿದ್ದೆ. ರೆಕಾರ್ಡಿಂಗ್ ಹೇಗೆ ಕೆಟ್ಟಿದೆ ಅನ್ನುವುದನ್ನು ಸರಿಯಾಗಿ ಕೇಳಿಸಿಕೊಂಡರೆ ಎಲ್ಲಿ ಕೆಟ್ಟಿದೆ ಅನ್ನುವುದರ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಇಲ್ಲಿ ಬರೆದಿರುವುದು ವಿಂಡೋಸ್ 11 ಮತ್ತು ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಇಟ್ಟುಕೊಂಡು. ವಿಂಡೋಸ್ 10ರಲ್ಲಿ ಮೆನುಗಳ ಜಾಗ ಒಂಚೂರು ಬೇರೆ, ಹುಡುಕುವ ದಾರಿ ಅದೇ.

ಮೊದಲು ಅರ್ಧ ನಿಮಿಷದ ಪರೀಕ್ಷೆ

"ಆಡಿಯೋ ಸರಿ ಬರ್ತಿಲ್ಲ" ಅನ್ನುವುದು "ಮೈಗೆ ಹುಷಾರಿಲ್ಲ" ಅಂದ ಹಾಗೆ. ಜ್ವರವೋ ಹೊಟ್ಟೆನೋವೋ ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೇ ಹಾಡು, ಪಾಠ, ಕಥೆ ಎಲ್ಲ ಬದಿಗಿಟ್ಟು ಒಂದು ಚಿಕ್ಕ ಪರೀಕ್ಷೆ ರೆಕಾರ್ಡ್ ಮಾಡಿ. ಮೊದಲ 10 ಸೆಕೆಂಡು ಯಾರೂ ಮಾತಾಡಬಾರದು. ಮುಂದಿನ 10 ಸೆಕೆಂಡು ಒಂದೇ ಹದದಲ್ಲಿ ಮಾತಾಡಿ, ಒಂದರಿಂದ ಎಣಿಸಿದರೂ ಸಾಕು. ಆಮೇಲೆ ಒಂದು ಸ್ವರ ಹಿಡಿದು ಉಸಿರು ಮುಗಿಯುವ ತನಕ ಎಳೆಯಿರಿ. ಕೊನೆಗೆ ಜೋರಾಗಿ ಒಂದು ಚಪ್ಪಾಳೆ.

ಸುಮ್ಮನಿದ್ದ ಭಾಗದಲ್ಲಿ ಗುಂಯ್‌ಗುಟ್ಟುವಿಕೆ, ಫ್ಯಾನಿನ ಸದ್ದು ಸಿಗುತ್ತದೆ. ಮಾತಿನಲ್ಲಿ ಮಟ್ಟ ಗೊತ್ತಾಗುತ್ತದೆ. ಎಳೆದ ಸ್ವರದಲ್ಲಿ ಚಟಚಟ ಇದ್ದರೆ, ದನಿ ಸವೆದರೆ ಹೊರಬೀಳುತ್ತದೆ. ಚಪ್ಪಾಳೆ ಕೋಣೆಯ ಪ್ರತಿಧ್ವನಿಯನ್ನು ತೋರಿಸುತ್ತದೆ. ಇದನ್ನು ಸ್ಪೀಕರಿನಲ್ಲಲ್ಲ, ವೈರ್ ಇರುವ ಹೆಡ್‌ಫೋನಿನಲ್ಲಿ ಕೇಳಿ.

ಈಗ ಒಂದು ಮುಖ್ಯ ಪ್ರಶ್ನೆ. ಕೆಟ್ಟಿರುವುದು ರೆಕಾರ್ಡಿಂಗೋ, ಕೇಳಿಸುವ ಕಡೆಯೋ? ಅದೇ ಕಂಪ್ಯೂಟರಿನಲ್ಲಿ, ಚೆನ್ನಾಗಿದೆ ಅಂತ ನಿಮಗೆ ಮೊದಲೇ ಗೊತ್ತಿರುವ ಒಂದು ಹಾಡು ಹಾಕಿ. ಅದೂ ಕರಕರ ಅಂದರೆ ಮೈಕಿನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ನಿಮ್ಮ ಪರೀಕ್ಷೆಯ ಫೈಲನ್ನು ಫೋನಿಗೆ ಕಳಿಸಿ ಅಲ್ಲೂ ಕೇಳಿ. ಅಲ್ಲಿ ಸರಿಯಿದ್ದರೆ ಫೈಲ್ ಸರಿಯಿದೆ ಅಂತಲೇ ಅರ್ಥ.

ಆಮೇಲೆ ದಾರಿಯನ್ನು ನಡುವೆ ಕತ್ತರಿಸಿ ನೋಡಬೇಕು. ದನಿ ಮೈಕಿಗೆ ಬಂದು, ವೈರಿನಲ್ಲಿ ಹರಿದು, ಸಾಕೆಟ್ಟಿಗೆ, ಅಲ್ಲಿಂದ ಸೌಂಡ್ ಕಾರ್ಡಿಗೆ, ಅಲ್ಲಿಂದ ವಿಂಡೋಸಿಗೆ, ಕೊನೆಗೆ ಆಡಾಸಿಟಿಗೆ ಹೋಗುತ್ತದೆ. ವಿಂಡೋಸಿನ ಜೊತೆಗೇ ಬರುವ ಸೌಂಡ್ ರೆಕಾರ್ಡರಿನಲ್ಲಿ ಅದೇ ಪರೀಕ್ಷೆ ಮಾಡಿ. ಅಲ್ಲಿ ಚೆನ್ನಾಗಿ ಬಂದು ಆಡಾಸಿಟಿಯಲ್ಲಿ ಕೆಟ್ಟರೆ ತಪ್ಪು ಆಡಾಸಿಟಿಯ ಆಯ್ಕೆಗಳಲ್ಲಿದೆ. ಎರಡರಲ್ಲೂ ಕೆಟ್ಟರೆ ಹಿಂದಕ್ಕೆ ಹೋಗಿ. ಮೈಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ. ಹೀಗೆ ಪ್ರತಿ ಹೆಜ್ಜೆಗೂ ಅನುಮಾನದ ಜಾಗ ಅರ್ಧಕ್ಕೆ ಇಳಿಯುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಮಾಡಿದರೆ ಸರಿಹೋದರೂ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗುವುದಿಲ್ಲ.

ಏನೂ ಬರುತ್ತಿಲ್ಲ, ಗೆರೆ ಸಪಾಟು

ಇದು ಎಲ್ಲಕ್ಕಿಂತ ಗಾಬರಿ ಹುಟ್ಟಿಸುತ್ತದೆ, ಎಲ್ಲಕ್ಕಿಂತ ಸುಲಭವಾಗಿ ಸರಿಹೋಗುತ್ತದೆ. ಹೆಡ್‌ಸೆಟ್ಟಿನ ವೈರಿನಲ್ಲಿ ಒಂದು ಪುಟ್ಟ ಮ್ಯೂಟ್ ಗುಂಡಿ ಇರುತ್ತದೆ, ಮೊದಲು ಅದನ್ನು ನೋಡಿ. ಕೆಲವು ಲ್ಯಾಪ್‌ಟಾಪಿನ ಕೀಬೋರ್ಡಿನಲ್ಲೂ ಮೈಕ್ ಮ್ಯೂಟ್ ಕೀ ಇರುತ್ತದೆ, ಒತ್ತಿದಾಗ ಅದರ ಮೇಲೆ ಸಣ್ಣ ದೀಪ ಹೊತ್ತಿಕೊಳ್ಳುತ್ತದೆ. ಮಕ್ಕಳು ಆಟವಾಡುತ್ತ ಅದನ್ನು ಒತ್ತಿಟ್ಟಿದ್ದರೆ ನೀವು ಇಡೀ ಭಾನುವಾರ ಡ್ರೈವರ್ (ಮೈಕ್, ವೈಫೈ ಮುಂತಾದವನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್) ಹುಡುಕುತ್ತ ಕೂರುತ್ತೀರಿ.

ಮುಂದಿನದು ಅನುಮತಿ. ಸೆಟ್ಟಿಂಗ್ಸ್, ಅದರಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರಲ್ಲಿ ಮೈಕ್ರೊಫೋನ್. ಮೇಲಿನ ಸ್ವಿಚ್ ಆನ್ ಇದ್ದರೆ ಸಾಲದು. ಕೆಳಗೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಅಂತ ಬೇರೆಯದೇ ಸ್ವಿಚ್ ಇದೆ. ಆಡಾಸಿಟಿ ಆ ಗುಂಪಿಗೆ ಸೇರುತ್ತದೆ. ಅನುಮತಿ ಇಲ್ಲದಿದ್ದರೆ ಮೈಕ್ ಸರಿಯಿದ್ದರೂ ಬರೀ ಸಪಾಟು ಗೆರೆ ಬರಬಹುದು. ಮ್ಯಾಕ್ ಇರುವವರೂ ಸಿಸ್ಟಮ್ ಸೆಟ್ಟಿಂಗ್ಸಿನ ಪ್ರೈವಸಿ ವಿಭಾಗದಲ್ಲಿ ಇದನ್ನೇ ನೋಡಬೇಕು.

ಅದೂ ಸರಿಯಿದ್ದರೆ ಸಾಕೆಟ್ ನೋಡಿ. ಡೆಸ್ಕ್‌ಟಾಪಿನಲ್ಲಿ ಗುಲಾಬಿ ಬಣ್ಣದ್ದು ಮೈಕಿಗೆ, ಹಸಿರು ಸ್ಪೀಕರಿಗೆ, ತಿಳಿ ನೀಲಿ ಲೈನ್ ಇನ್‌ಗೆ, ಅಂದರೆ ಬೇರೆ ಯಂತ್ರದ ದನಿ ಒಳಗೆ ತರುವುದಕ್ಕೆ. ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪಾದರೆ ಇನ್ನೊಂದು ಸಂಗತಿ ಇದೆ. ಕ್ಯಾಬಿನೆಟ್ಟಿನ ಮುಂದಿನ ಮೈಕ್ ಸಾಕೆಟ್ಟಿನಿಂದ ಮದರ್‌ಬೋರ್ಡಿಗೆ ಒಳಗೆ ಒಂದು ವೈರ್ ಹೋಗಬೇಕು. ಜೋಡಿಸಿದವರು ಅದನ್ನು ಸಿಕ್ಕಿಸದೆ ಬಿಟ್ಟಿರುವುದು ಅಪರೂಪವೇನಲ್ಲ. ಹಿಂದಿನ ಸಾಕೆಟ್ಟಿಗೆ ಹಾಕಿ ನೋಡಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಲ್ಯಾಪ್‌ಟಾಪಿನವರು ಪಿನ್ನಿನ ಕಪ್ಪು ಉಂಗುರಗಳನ್ನು ಎಣಿಸಿ. ಎರಡು ಉಂಗುರ ಇದ್ದರೆ ಲೋಹದ ಭಾಗ ಮೂರು, ಮೂರು ಉಂಗುರ ಇದ್ದರೆ ನಾಲ್ಕು. ಈಗಿನ ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನ್, ಮೈಕ್ ಎರಡಕ್ಕೂ ಒಂದೇ ತೂತು, ಅದಕ್ಕೆ ನಾಲ್ಕು ಭಾಗದ ಪಿನ್ ಬೇಕು. ಮೂರು ಭಾಗದ ಮೈಕನ್ನು ಅದಕ್ಕೆ ಸಿಕ್ಕಿಸಿದರೆ ಲ್ಯಾಪ್‌ಟಾಪ್ ಅದನ್ನು ಹೆಡ್‌ಫೋನ್ ಅಂದುಕೊಳ್ಳುತ್ತದೆ. ಮೈಕಿಗೆ ಒಂದು, ಹೆಡ್‌ಫೋನಿಗೆ ಒಂದು ಅಂತ ಕವಲಾಗುವ ಪುಟ್ಟ ಅಡಾಪ್ಟರ್ ಸಿಗುತ್ತದೆ, ಅದು ಸಾಕು.

ಬರುತ್ತಿದೆ, ಆದರೆ ಯಾವ ಮೈಕಿನಿಂದ?

ನನ್ನ ಎರಡನೇ ದೋಷ ಇದೇ. ಕಂಪ್ಯೂಟರಿಗೆ ಇವತ್ತು ಕಿವಿಗಳು ಜಾಸ್ತಿ. ಲ್ಯಾಪ್‌ಟಾಪಿನ ಒಳಗೊಂದು, ವೆಬ್‌ಕ್ಯಾಮಿನಲ್ಲೊಂದು, ಬ್ಲೂಟೂತ್ ಇಯರ್‌ಬಡ್ಡಿನಲ್ಲೊಂದು, ನೀವು ತಂದಿದ್ದು ಇನ್ನೊಂದು. ಯಾವುದು ಕೇಳುತ್ತಿದೆ ಅಂತ ಹೆಸರಿನಿಂದ ಹೇಳುವುದು ಕಷ್ಟ, ಪಟ್ಟಿಯಲ್ಲಿ ಎಲ್ಲದಕ್ಕೂ "ಮೈಕ್ರೊಫೋನ್" ಅಂತಲೇ ಇರುತ್ತದೆ. ಇದಕ್ಕೆ ನಾನು ಮಾಡುವುದು ಉಗುರಿನ ಪರೀಕ್ಷೆ. ರೆಕಾರ್ಡ್ ಒತ್ತಿ, ನಿಮ್ಮ ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಆಮೇಲೆ ಲ್ಯಾಪ್‌ಟಾಪ್ ಪರದೆಯ ಮೇಲಂಚು ಕೆರೆಯಿರಿ, ಆಮೇಲೆ ವೆಬ್‌ಕ್ಯಾಮ್. ಯಾವುದನ್ನು ಕೆರೆದಾಗ ಭರಭರ ಅಂತ ಜೋರಾಗಿ ಬರುತ್ತದೋ ಅದೇ ಕೇಳುತ್ತಿರುವ ಮೈಕ್.

ಆಡಾಸಿಟಿಯಲ್ಲಿ ಆಡಿಯೋ ಸೆಟಪ್ ಗುಂಡಿ ಒತ್ತಿ ರೆಕಾರ್ಡಿಂಗ್ ಡಿವೈಸ್ ಬದಲಾಯಿಸಿ. ಸಾಫ್ಟ್‌ವೇರ್ ತೆರೆದ ಮೇಲೆ ಮೈಕ್ ಸಿಕ್ಕಿಸಿದ್ದರೆ ಅದು ಪಟ್ಟಿಯಲ್ಲೇ ಇರುವುದಿಲ್ಲ. ಅದೇ ಮೆನುವಿನಲ್ಲಿ ರೀಸ್ಕ್ಯಾನ್ ಅಂತ ಇದೆ, ಒತ್ತಿ. ಪಟ್ಟಿಯಲ್ಲಿ "ಸ್ಟೀರಿಯೋ ಮಿಕ್ಸ್" ಆಯ್ಕೆಯಾಗಿದ್ದರೆ ನಿಮ್ಮ ದನಿಯ ಬದಲು ಕಂಪ್ಯೂಟರಿನಲ್ಲಿ ಓಡುವ ಹಾಡು, ಮೆಸೇಜ್ ಬಂದ ಟಿಂಗ್ ಸದ್ದು, ಇವೇ ರೆಕಾರ್ಡ್ ಆಗುತ್ತವೆ.

ದನಿ ತುಂಬ ಸಣ್ಣದು

ಸೆಟ್ಟಿಂಗ್ಸಿನಲ್ಲಿ ಸಿಸ್ಟಮ್, ಅದರಲ್ಲಿ ಸೌಂಡ್, ತೀರ ಕೆಳಗೆ "ಮೋರ್ ಸೌಂಡ್ ಸೆಟ್ಟಿಂಗ್ಸ್". ಹಳೆಯ ಕಿಟಕಿಯೊಂದು ತೆರೆಯುತ್ತದೆ. ರೆಕಾರ್ಡಿಂಗ್ ಪಟ್ಟಿಯಲ್ಲಿ ನಿಮ್ಮ ಮೈಕ್ ಮೇಲೆ ಎರಡು ಸಲ ಒತ್ತಿ, ಲೆವೆಲ್ಸ್ ನೋಡಿ. ಮೈಕ್ ಮಟ್ಟದ ಕೆಳಗೆ ಬೂಸ್ಟ್ ಅಂತ ಇನ್ನೊಂದು ಇರಬಹುದು, 10, 20, 30 ಡೆಸಿಬಲ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. 10 ಅಥವಾ 20ರಲ್ಲಿ ಕೆಲಸ ಆದರೆ ಸರಿ. 30ಕ್ಕೆ ಹೋದರೆ ದನಿಯ ಜೊತೆ ಸ್ಸ್ ಅನ್ನುವ ಸದ್ದೂ ಅಷ್ಟೇ ಏರುತ್ತದೆ.

ಬೂಸ್ಟ್ ಏರಿಸಿದರೂ ಪಿಸುಗುಟ್ಟಿದ ಹಾಗೇ ಇದ್ದರೆ ಮೈಕಿಗೂ ಕಂಪ್ಯೂಟರಿಗೂ ಜೋಡಿ ಸರಿಯಿಲ್ಲ. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸ್ಟ್ಯಾಂಡು, ಸ್ಪಂಜು ಎಲ್ಲ ಸೇರಿಸಿ ಕೊಡುವ ದೊಡ್ಡ ಕಂಡೆನ್ಸರ್ ಮೈಕ್ ನೋಡಿರುತ್ತೀರಿ. ನೋಡಲು ಸ್ಟುಡಿಯೋದ್ದೇ. ಸಾಮಾನ್ಯವಾಗಿ ಸ್ಟುಡಿಯೋ ಕಂಡೆನ್ಸರ್ ಮೈಕಿಗೆ ಮೈಕಿನ ವೈರಿನಲ್ಲೇ 48 ವೋಲ್ಟಿನ ಕರೆಂಟು ಕಳಿಸುತ್ತಾರೆ, ಅದಕ್ಕೆ ಫ್ಯಾಂಟಮ್ ಪವರ್ ಅಂತ ಹೆಸರು. ಕಂಪ್ಯೂಟರಿನ ಮೈಕ್ ಸಾಕೆಟ್ ಕೊಡುವುದು ಕೆಲವೇ ವೋಲ್ಟ್. ಅರೆಹೊಟ್ಟೆಯಲ್ಲಿ ದುಡಿದ ಹಾಗೆ ಅದು ಹೇಗೋ ಕೆಲಸ ಮಾಡುತ್ತದೆ, ಸಣ್ಣ ದನಿ, ಜಾಸ್ತಿ ಸದ್ದು. ದೇವಸ್ಥಾನದ ಉತ್ಸವದಲ್ಲಿ, ಸಭೆಯಲ್ಲಿ ಕೈಲಿ ಹಿಡಿದು ಮಾತಾಡುವ ಡೈನಮಿಕ್ ಮೈಕಿಗೆ ಪವರ್ ಬೇಡ, ಆದರೆ ಅದರಿಂದ ಬರುವ ಸಿಗ್ನಲ್ಲೇ ತೀರ ಕಡಿಮೆ. ಲ್ಯಾಪ್‌ಟಾಪ್ ಸಾಕೆಟ್ಟಿಗೆ ಅದನ್ನು ನೇರ ಹಾಕಿ ಒಳ್ಳೆಯ ದನಿ ತೆಗೆಯುವುದು ಆಗದ ಮಾತು. ಎರಡಕ್ಕೂ ಪರಿಹಾರ ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಅಂದರೆ ಇಂಥ ಮೈಕನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ. ಅದು ಬೇಡ ಅಂದರೆ ನೇರ ಯುಎಸ್‌ಬಿ ಮೈಕ್ ತೆಗೆದುಕೊಳ್ಳಿ, ತಲೆನೋವು ಅರ್ಧ ಕಡಿಮೆ.

ಇಲ್ಲಿ ಒಂದು ವಿಚಿತ್ರ ದೋಷವಿದೆ, ಸಿಕ್ಕಿಬಿದ್ದವರಿಗೆ ಮಾತ್ರ ಗೊತ್ತು. ಹೆಡ್‌ಫೋನಿನಲ್ಲಿ ಕೇಳಿದರೆ ದನಿ ಚೆನ್ನಾಗಿದೆ, ಸ್ವಲ್ಪ ತಲೆಯ ಹೊರಗೆಲ್ಲೋ ಕೇಳಿದ ಹಾಗಿದೆ ಅಷ್ಟೆ. ಅದೇ ಫೈಲನ್ನು ಒಂದೇ ಸ್ಪೀಕರಿರುವ ಫೋನಿನಲ್ಲಿ ಹಾಕಿದರೆ ದನಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಮೈಕಿನಿಂದ ಸ್ಟೀರಿಯೋ ಪಿನ್ನಿಗೆ ಬರುವ ವೈರಿನಲ್ಲಿ ಒಂದು ತಂತಿ ಎಡಕ್ಕೆ, ಇನ್ನೊಂದು ಬಲಕ್ಕೆ ಹೋಗಿರುತ್ತದೆ. ಆ ಎರಡು ತಂತಿಯಲ್ಲಿರುವುದು ಒಂದೇ ದನಿ, ಆದರೆ ತಲೆಕೆಳಗು. ಎರಡನ್ನು ಕೂಡಿಸಿದಾಗ ಒಂದನ್ನೊಂದು ಅಳಿಸಿಹಾಕುತ್ತವೆ. ಆಡಾಸಿಟಿಯಲ್ಲಿ ಟ್ರ್ಯಾಕನ್ನು ಎಡ, ಬಲ ಅಂತ ಸೀಳಿ ಒಂದನ್ನು ಅಳಿಸಿ, ಉಳಿದದ್ದನ್ನು ಮೋನೋ, ಅಂದರೆ ಒಂದೇ ಚಾನೆಲ್, ಮಾಡಿ. ದನಿ ವಾಪಸ್ ಬರುತ್ತದೆ. ಎಡಗಿವಿಯಲ್ಲಿ ಮಾತ್ರ ಕೇಳುವ ರೆಕಾರ್ಡಿಂಗಿಗೂ ಇದೇ ಮದ್ದು, ಅಥವಾ ಶುರುವಿನಲ್ಲೇ ಚಾನೆಲ್ ಆಯ್ಕೆಯಲ್ಲಿ ಮೋನೋ ಇಟ್ಟುಬಿಡಿ. ಒಬ್ಬರೇ ಹಾಡುವುದಕ್ಕೆ ಸ್ಟೀರಿಯೋ ಯಾಕೆ ಹೇಳಿ?

ಗುಂಯ್, ಝೀ, ಕೀ

ಈ ಮೂರೂ ಬೇರೆ ಬೇರೆ. ನನಗೆ ಇಷ್ಟವಾದ ದೋಷಗಳೂ ಇವೇ, ಯಾಕೆಂದರೆ ಇವು ತಮ್ಮ ವಿಳಾಸ ತಾವೇ ಹೇಳುತ್ತವೆ.

ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಅದು ರೆಕಾರ್ಡಿಂಗಿಗೆ ನುಸುಳಿದರೆ 50, 100, 150 ಹರ್ಟ್ಸ್ ಹೀಗೆ ಸಾಲಾಗಿ ಬರುತ್ತದೆ. ಪರೀಕ್ಷೆಯ ಮೊದಲ 10 ಸೆಕೆಂಡು ಆಯ್ದುಕೊಂಡು ಆಡಾಸಿಟಿಯ ಅನಲೈಸ್ ಮೆನುವಿನಲ್ಲಿ ಪ್ಲಾಟ್ ಸ್ಪೆಕ್ಟ್ರಮ್ ಒತ್ತಿ. ಆ ಜಾಗಗಳಲ್ಲಿ ಚೂಪು ಶಿಖರಗಳು ಎದ್ದಿದ್ದರೆ ಕಳ್ಳ ಈ ಕರೆಂಟೇ.

ಹಾಡು ರೆಕಾರ್ಡ್ ಮಾಡುವವರಿಗೆ ಇದರಲ್ಲೊಂದು ತಮಾಷೆ ಇದೆ. ಅಮ್ಮ ಹಾಡುವುದು ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಐದು. ಅಲ್ಲಿ ಷಡ್ಜ ಸುಮಾರು 196 ಹರ್ಟ್ಸ್. ಕರೆಂಟಿನ 50ರ ನಾಲ್ಕರಷ್ಟು 200. ಎರಡೂ ಪಕ್ಕಪಕ್ಕದಲ್ಲಿವೆ, ಆದರೆ ಒಂದೇ ಅಲ್ಲ. ಹೀಗಾಗಿ ಕರೆಂಟಿನ ಗುಂಯ್ ತಂಬೂರಿಯ ಒಳಗೆ ಅಡಗಿ ಕೂತು, ಸೆಕೆಂಡಿಗೆ ನಾಲ್ಕು ಸಲ ಅಲುಗಾಡಿದ ಹಾಗೆ ಮಾಡುತ್ತದೆ. "ತಂಬೂರಿ ಶ್ರುತಿ ಸೇರ್ತಿಲ್ಲ ಕಣೋ" ಅಂತ ಅಮ್ಮ ಎರಡು ಸಲ ಅಂದಿದ್ದರು. ತಂಬೂರಿಯದು ತಪ್ಪೇನೂ ಇರಲಿಲ್ಲ.

ಹುಡುಕುವುದು ಹೀಗೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ. ಗುಂಯ್ ಹೋದರೆ ಸಮಸ್ಯೆ ಚಾರ್ಜರ್ ಅಥವಾ ಅರ್ತಿಂಗಿನದು. ಆಮೇಲೆ ಚಾರ್ಜರನ್ನು ಬೇರೆ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿದ್ದರೆ ತೆಗೆಯಿರಿ. ಕಂಪ್ಯೂಟರ್, ಮಾನಿಟರ್, ಸ್ಪೀಕರ್ ಬೇರೆ ಬೇರೆ ಗೋಡೆಯಿಂದ ಕರೆಂಟು ತೆಗೆದುಕೊಳ್ಳುತ್ತಿದ್ದರೆ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇದ್ದರೂ ಹಿಂದೆ ಅರ್ತ್ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ, ಅದು ರೆಕಾರ್ಡಿಂಗಿಗಿಂತ ದೊಡ್ಡ ವಿಷಯ. ಪ್ಲಗ್ಗಿನ ದಪ್ಪ ಅರ್ತ್ ಪಿನ್ ತೆಗೆದುಬಿಟ್ಟರೆ ಗುಂಯ್ ಹೋಗುತ್ತದೆ ಅಂತ ಯಾರಾದರೂ ಹೇಳುತ್ತಾರೆ. ಕೆಲವು ಸಲ ಹೋಗುತ್ತದೆ ಕೂಡ. ಆದರೆ ಶಾಕ್ ಹೊಡೆಯದ ಹಾಗೆ ಕಾಯುವುದೇ ಆ ಪಿನ್. ಮುಟ್ಟಬೇಡಿ.

ಝೀ ಅಂತ ಜೇನ್ನೊಣದ ಹಾಗೆ ಬಂದರೆ ಮೇಲೆ ನೋಡಿ, ಫ್ಯಾನ್ ಇದೆಯಾ? ನಯವಾಗಿ ತಿರುಗುವ, ಮೆಟ್ಟಿಲಿಲ್ಲದ ಎಲೆಕ್ಟ್ರಾನಿಕ್ ರೆಗ್ಯುಲೇಟರುಗಳು ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಕೊಡುತ್ತವೆ. ಆ ಕತ್ತರಿಯ ಸದ್ದು ಮೈಕ್ ವೈರಿಗೆ ಇಳಿಯುತ್ತದೆ. ಫ್ಯಾನ್ ಪೂರ್ತಿ ಜೋರಿಗೆ ಇಟ್ಟಾಗ ಝೀ ಕಡಿಮೆಯಾಗಿ, ನಡುವೆ ಇಟ್ಟಾಗ ಜಾಸ್ತಿಯಾದರೆ ರೆಗ್ಯುಲೇಟರೇ ಕಾರಣ. ಕರೆಂಟು ಹೋದಾಗ ಮಾತ್ರ ಝೀ ಬಂದರೆ ಇನ್ವರ್ಟರ್. ಸ್ಕ್ವೇರ್ ವೇವ್ ಇನ್ವರ್ಟರುಗಳದ್ದು ಇದೇ ಕಥೆ, ಅವುಗಳ ಕೆಳಗೆ ಫ್ಯಾನೂ ಗೊಣಗುತ್ತದೆ ಅಲ್ವಾ? ಸೈನ್ ವೇವ್ ಇನ್ವರ್ಟರಿನಲ್ಲಿ ಈ ಕಾಟ ಕಡಿಮೆ. ಫೋನನ್ನು ಮೈಕಿನ ಪಕ್ಕ ಇಡುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ.

ಕೀ ಅಂತ ಸಣ್ಣಗೆ ಕೊರೆಯುವ ಸದ್ದು ಯುಎಸ್‌ಬಿಯದು. ಯುಎಸ್‌ಬಿ ಸೆಕೆಂಡಿಗೆ 1000 ಸಲ ಇಲ್ಲವೇ 8000 ಸಲ ಮಾತಾಡುತ್ತದೆ, ಸ್ಪೆಕ್ಟ್ರಮಿನಲ್ಲಿ ಅಲ್ಲೇ ಶಿಖರ ಕಾಣುತ್ತದೆ. ಹಬ್ (ಒಂದು ಯುಎಸ್‌ಬಿ ತೂತನ್ನು ಹಲವಾಗಿಸುವ ಪೆಟ್ಟಿಗೆ) ತೆಗೆದು ಮೈಕನ್ನು ನೇರ ಕಂಪ್ಯೂಟರಿಗೆ ಹಾಕಿ, ಡೆಸ್ಕ್‌ಟಾಪಾದರೆ ಹಿಂದಿನ ತೂತಿಗೆ. ಪಕ್ಕದ ತೂತಿನಲ್ಲಿ ಹಾರ್ಡ್ ಡಿಸ್ಕ್ ಇದ್ದರೆ ದೂರ ಹಾಕಿ.

ಚಟಚಟ ಮತ್ತು ಭರ್

ಜೋರಾದ ಜಾಗದಲ್ಲಿ ಮಾತ್ರ ಭರ್ ಅಂದರೆ ಮಟ್ಟ ಜಾಸ್ತಿಯಾಗಿದೆ. ಅಲೆಯನ್ನು ದೊಡ್ಡದು ಮಾಡಿ ನೋಡಿ, ಶಿಖರಗಳ ತಲೆಯನ್ನು ಕತ್ತಿಯಿಂದ ಸವರಿದ ಹಾಗೆ ಇರುತ್ತದೆ. ಕತ್ತರಿಸಿದ್ದು ವಾಪಸ್ ಬರುವುದಿಲ್ಲ, ಮತ್ತೆ ಹಾಡಿಸಬೇಕು. ಅತಿ ಜೋರಾದ ಸಾಲು ಮೀಟರಿನಲ್ಲಿ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಬರುವ ಹಾಗೆ ಇಟ್ಟುಕೊಳ್ಳಿ. ಇನ್ನೊಂದು ಸೂಕ್ಷ್ಮ. ಅಲೆ ಮೇಲಿನ ಗೆರೆ ಮುಟ್ಟಿಲ್ಲ, ಅರ್ಧದಲ್ಲೇ ತಲೆ ಸಪಾಟಾಗಿದೆ ಅಂದರೆ ಮೊದಲೇ ಎಲ್ಲೋ ಕತ್ತರಿಸಿದೆ, ಹೆಚ್ಚಾಗಿ ಬೂಸ್ಟಿನಲ್ಲಿ. ಆಡಾಸಿಟಿಯ ಮಟ್ಟ ಇಳಿಸಿ ಉಪಯೋಗವಿಲ್ಲ, ಬೂಸ್ಟ್ ಇಳಿಸಿ.

ಜೋರು, ಮೆಲ್ಲಗೆ ಅನ್ನುವ ಲೆಕ್ಕವಿಲ್ಲದೆ ಎಲ್ಲೆಂದರಲ್ಲಿ ಟಿಕ್ ಟಿಕ್ ಅಂದರೆ ಮೊದಲು ವೈರ್ ಅಲ್ಲಾಡಿಸಿ. ಅಲ್ಲಾಡಿಸಿದಾಗ ಜಾಸ್ತಿಯಾದರೆ ವೈರ್ ಅಥವಾ ಸಾಕೆಟ್. ಆಗದಿದ್ದರೆ ಕಂಪ್ಯೂಟರಿಗೆ ಪುರುಸೊತ್ತು ಸಾಲುತ್ತಿಲ್ಲ. ದನಿ ಹರಿದು ಬರುತ್ತಲೇ ಇರುತ್ತದೆ, ಕಂಪ್ಯೂಟರ್ ಒಂದು ಕ್ಷಣ ಬೇರೆ ಕೆಲಸಕ್ಕೆ ಹೋದರೆ ಅಷ್ಟು ಹೊತ್ತಿನ ದನಿ ಬಿದ್ದುಹೋಗುತ್ತದೆ. ಬ್ರೌಸರ್, ಕ್ಲೌಡ್ ಬ್ಯಾಕಪ್ ಮುಚ್ಚಿ. ವೈಫೈ ಆರಿಸಿ ನೋಡಿ, ವೈಫೈ ಡ್ರೈವರಿನಿಂದ ಈ ತೊಂದರೆ ಆಗುವುದು ಮಾಮೂಲು. ಲ್ಯಾಪ್‌ಟಾಪನ್ನು ಬ್ಯಾಟರಿ ಉಳಿಸುವ ಮೋಡಿನಿಂದ ಹೊರಗೆ ತನ್ನಿ. ಆಡಾಸಿಟಿಯ ಪ್ರಿಫರೆನ್ಸಸಿನಲ್ಲಿ ಬಫರ್ ಅವಧಿಯನ್ನು, ಅಂದರೆ ಬಂದ ದನಿಯನ್ನು ಸ್ವಲ್ಪ ಹೊತ್ತು ಹಿಡಿದಿಡುವ ಸಮಯವನ್ನು, ಹೆಚ್ಚಿಸಿ. ಆಡಾಸಿಟಿ ವಿಂಡೋಸಿನಿಂದ ದನಿ ಪಡೆಯುವ ದಾರಿಯನ್ನು ಆರಿಸುವ ಹೋಸ್ಟ್ ಅನ್ನುವ ಕಡೆ ಎಂಎಂಇ ಇದ್ದರೆ ವಿಂಡೋಸ್ ವಾಸಾಪಿಗೆ ಬದಲಾಯಿಸಿ ನೋಡಿ. ಇಷ್ಟಕ್ಕೂ ಹೋಗದಿದ್ದರೆ ಲೇಟೆನ್ಸಿಮಾನ್ ಅನ್ನುವ ಸಾಫ್ಟ್‌ವೇರನ್ನು ಹತ್ತು ನಿಮಿಷ ಓಡಿಸಿ, ಯಾವ ಡ್ರೈವರ್ ಹೊತ್ತು ತಿನ್ನುತ್ತಿದೆ ಅಂತ ಹೆಸರು ಹಿಡಿದು ತೋರಿಸುತ್ತದೆ.

ರೆಕಾರ್ಡಿಂಗ್ ನಡುವೆ ನಿಂತೇ ಹೋದರೆ ಡಿಸ್ಕಿನಲ್ಲಿ ಜಾಗ ನೋಡಿ. ಒಂದೊಂದು ಅಳತೆಗೆ 32 ಬಿಟ್, ಸೆಕೆಂಡಿಗೆ 44,100 ಅಳತೆ ಇಟ್ಟರೆ ಮೋನೋ ಕೂಡ ನಿಮಿಷಕ್ಕೆ 10 ಎಂಬಿಗಿಂತ ಜಾಸ್ತಿ ತಿನ್ನುತ್ತದೆ.

ಹಾಡಿನ ನಡುವಿನ ಮೌನಗಳೇ ಮಾಯವಾಗಿ ತಾಳ ತಪ್ಪಿದ್ದರೆ ಡಿಸ್ಕನ್ನು ಬೈಯಬೇಡಿ. ಆಡಾಸಿಟಿಯಲ್ಲಿ ಸೌಂಡ್ ಆ್ಯಕ್ಟಿವೇಟೆಡ್ ರೆಕಾರ್ಡಿಂಗ್ ಅನ್ನುವುದು ಆನ್ ಆಗಿರುತ್ತದೆ. ಸದ್ದಿಲ್ಲದಾಗ ಅದು ರೆಕಾರ್ಡ್ ಮಾಡುವುದನ್ನೇ ನಿಲ್ಲಿಸುತ್ತದೆ.

ದನಿ ದಪ್ಪಗಾಗಿದೆ, ನಿಧಾನವಾಗಿದೆ

ಸೌಂಡ್ ಕಾರ್ಡ್ ಸೆಕೆಂಡಿಗೆ 48,000 ಸಲ ಅಳೆದು ಕೊಟ್ಟಿದ್ದನ್ನು ಸಾಫ್ಟ್‌ವೇರ್ 44,100 ಅಂದುಕೊಂಡು ಓದಿದರೆ ಹೀಗಾಗುತ್ತದೆ. ಒಂದು ನಿಮಿಷದ ಹಾಡು 65 ಸೆಕೆಂಡಿಗೆ ಎಳೆಯುತ್ತದೆ, ಶ್ರುತಿ ಹತ್ತಿರ ಹತ್ತಿರ ಒಂದೂವರೆ ಸ್ವರಸ್ಥಾನ ಕೆಳಗಿಳಿಯುತ್ತದೆ. ತಿರುಗುಮುರುಗಾದರೆ ದನಿ ಕೀರಲಾಗಿ ಓಡುತ್ತದೆ. ಮೈಕಿನ ಪ್ರಾಪರ್ಟೀಸಿನಲ್ಲಿ ಅಡ್ವಾನ್ಸ್ಡ್ ಪುಟದ ಸಂಖ್ಯೆಯೂ ಆಡಾಸಿಟಿಯ ಪ್ರಾಜೆಕ್ಟ್ ರೇಟೂ ಒಂದೇ ಇರಲಿ. ವಿಡಿಯೋಗೆ ಸೇರಿಸುವುದಾದರೆ ಎರಡೂ 48,000 ಇಡಿ.

ಹಳೆಯ ಟೆಲಿಫೋನಿನಲ್ಲಿ ಮಾತಾಡಿದ ಹಾಗಿದ್ದರೆ ಬ್ಲೂಟೂತ್. ಇಯರ್‌ಬಡ್ಡಿನಲ್ಲಿ ಹಾಡು ಕೇಳುವಾಗ ಇರುವ ದಾರಿ ಬೇರೆ, ಅದರ ಮೈಕ್ ಆನ್ ಆದಾಗ ಹಿಡಿಯುವ ದಾರಿ ಬೇರೆ. ಎರಡನೆಯದರಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 8,000 ಅಥವಾ 16,000 ಅಳತೆ ಮಾತ್ರ. ಕೇಳುವ ಹಾಡೂ ಆ ಕ್ಷಣಕ್ಕೆ ಮಂಕಾಗುತ್ತದೆ. ಇದಕ್ಕೆ ರಿಪೇರಿ ಇಲ್ಲ. ವೈರಿನ ಮೈಕ್ ಬಳಸಿ.

ತಂಬೂರಿ ನುಂಗಿದ್ದು ಯಾರು

ಎಳೆದ ಸ್ವರ ಸವೆಯುತ್ತದೆ, ಮಾತಿನ ಕೊನೆಯ ಅಕ್ಷರ ಬಿದ್ದುಹೋಗುತ್ತದೆ, ಹಿನ್ನೆಲೆ ಒಮ್ಮೆ ಇದ್ದು ಒಮ್ಮೆ ಇಲ್ಲ. ಇವು ಮೂರೂ ಬೇಡದ ಸದ್ದನ್ನು ತಾನೇ ಅಡಗಿಸುವ ನಾಯ್ಸ್ ಸಪ್ರೆಷನ್ನಿನ ಗುರುತು. ಒಂದೇ ಸಮನೆ ಬರುವ ಸದ್ದನ್ನು ಇದು ಕಸ ಅಂದುಕೊಳ್ಳುತ್ತದೆ. ಫ್ಯಾನ್, ಎಸಿ, ಮಿಕ್ಸಿಗೆ ಇದು ಸರಿ. ಆದರೆ ತಂಬೂರಿಯ ಕೆಲಸವೇ ಒಂದೇ ಸಮನೆ ಬರುವುದು! ಮೊದಲ ಎರಡು ಸೆಕೆಂಡು ಅದು ಕೇಳಿದ್ದು, ಸಾಫ್ಟ್‌ವೇರಿಗೆ ಇದು ಕಸ ಅಂತ ತೀರ್ಮಾನ ಮಾಡಲು ಅಷ್ಟು ಹೊತ್ತು ಬೇಕಾಗಿದ್ದಕ್ಕೆ. ಅಮ್ಮ ಅಲುಗಾಡದೆ ನಿಲ್ಲಿಸಿದ ಸ್ವರವೂ ಅದಕ್ಕೆ ಫ್ಯಾನಿನ ಹಾಗೇ ಕಂಡಿತ್ತು.

ಆರಿಸಬೇಕಾದ ಜಾಗ ಒಂದೇ ಅಲ್ಲ, ಅದೇ ಕಷ್ಟ. ಸೆಟ್ಟಿಂಗ್ಸಿನ ಸೌಂಡ್ ಪುಟದಲ್ಲಿ ನಿಮ್ಮ ಮೈಕ್ ಒತ್ತಿ, ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಅನ್ನುವುದನ್ನು ಆಫ್ ಮಾಡಿ. ಇದನ್ನು ನಾನು ಮೊದಲ ದಿನವೇ ಮಾಡಿದ್ದೆ, ಏನೂ ಆಗಲಿಲ್ಲ. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿ ತನ್ನದೇ ಒಂದು ಸೌಂಡ್ ಆ್ಯಪ್ ಹಾಕಿ ಕೊಟ್ಟಿರುತ್ತದೆ. ಅದರಲ್ಲಿ ಮೀಟಿಂಗ್ ಅನ್ನುವ ತಲೆಬರಹದ ಕೆಳಗೆ, ನಾನು ಕಣ್ಣು ಹಾಯಿಸದ ಮೂಲೆಯಲ್ಲಿ, ಇನ್ನೊಂದು ನಾಯ್ಸ್ ಸ್ವಿಚ್ ಆನ್ ಇತ್ತು. ಹೊಸ ಯುಎಸ್‌ಬಿ ಕಾರ್ಡನ್ನು ಸರಿಯಾಗಿ ಆಯ್ಕೆ ಮಾಡಿದ್ದರೆ ದನಿ ಆ ಆ್ಯಪಿನ ಕೈಗೇ ಸಿಗುತ್ತಿರಲಿಲ್ಲ. ವಿಡಿಯೋ ಕಾಲ್ ಸಾಫ್ಟ್‌ವೇರಿನಲ್ಲಿ ಸಂಗೀತ ಪಾಠ ರೆಕಾರ್ಡ್ ಮಾಡುವವರಿಗೆ ಮೂರನೆಯದೂ ಇದೆ. ಆ ಸಾಫ್ಟ್‌ವೇರಿನ ಒಳಗೇ ಇನ್ನೊಂದು ಜರಡಿ ಇರುತ್ತದೆ. ಸಂಗೀತಗಾರರಿಗೆ ಮೂಲ ದನಿ ಕೊಡುವ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿ.

ಮಾತಾಡುವಾಗ ಫ್ಯಾನಿನ ಸದ್ದು ಕಡಿಮೆ, ಸುಮ್ಮನಾದ ಕೂಡಲೇ ಅದು ಮೆಲ್ಲಗೆ ಎದ್ದು ಬರುತ್ತದೆ ಅಂದರೆ ಅದು ಬೇರೆ. ಮಟ್ಟವನ್ನು ತಾನೇ ಏರಿಸಿ ಇಳಿಸುವ ಆಟೊಮ್ಯಾಟಿಕ್ ಗೇನ್ ಅನ್ನುವುದು. ಇರುವುದು ಮಾತ್ರ ಅದೇ ಪುಟಗಳಲ್ಲಿ.

ಉಳಿದ ಎರಡು ಮಾತು

ನಿಮ್ಮ ದನಿ ನಿಮಗೇ ಸ್ವಲ್ಪ ತಡವಾಗಿ ಕೇಳಿಸುತ್ತಿದ್ದರೆ ಮೈಕಿನ ಪ್ರಾಪರ್ಟೀಸಿನಲ್ಲಿ "ಲಿಸನ್ ಟು ದಿಸ್ ಡಿವೈಸ್" ಮೇಲೆ ಟಿಕ್ ಬಿದ್ದಿದೆ, ಇಲ್ಲವೇ ಆಡಾಸಿಟಿಯಲ್ಲಿ ರೆಕಾರ್ಡ್ ಆಗುತ್ತಿರುವುದನ್ನು ಆಗಲೇ ಕೇಳಿಸುವ ಪ್ಲೇತ್ರೂ ಆನ್ ಇದೆ. ಮೊದಲು ಹಾಡಿದ ಟ್ರ್ಯಾಕ್ ಹೊಸದರಲ್ಲೂ ಹಿಂದೆ ಕೇಳುತ್ತಿದ್ದರೆ ಅದು ಸ್ಪೀಕರಿನಿಂದ ಹೊರಟು ಮೈಕಿಗೆ ಹೋಗುತ್ತಿದೆ. ಹೆಡ್‌ಫೋನ್ ಹಾಕಿಕೊಳ್ಳಿ.

ಕೋಣೆ ಬಾವಿಯ ಹಾಗೆ ಗುಂಯ್ ಅಂದರೆ ಯಾವ ಸೆಟ್ಟಿಂಗೂ ಇಲ್ಲ. ಟೈಲ್ಸ್ ನೆಲ, ಬೋಳು ಗೋಡೆ, ಗಾಜಿನ ಕಿಟಕಿ. ಜಮಖಾನ ಹಾಸಿ, ಹಾಡುವವರ ಬೆನ್ನ ಹಿಂದೆ ಕಂಬಳಿ ತೂಗುಹಾಕಿ, ಮೈಕನ್ನು ಒಂದು ಗೇಣು ದೂರಕ್ಕೆ ತನ್ನಿ. ನಾವು ಕೊನೆಗೆ ರೆಕಾರ್ಡ್ ಮಾಡಿದ್ದು ಬಟ್ಟೆಯ ಬೀರು ತೆರೆದಿಟ್ಟು, ಅದರ ಮುಂದೆ ಅಮ್ಮನನ್ನು ಕೂರಿಸಿ.

ಎಲ್ಲ ಸರಿಹೋದ ದಿನ ಆ ಅರ್ಧ ನಿಮಿಷದ ಪರೀಕ್ಷೆಯನ್ನು ಇನ್ನೊಮ್ಮೆ ರೆಕಾರ್ಡ್ ಮಾಡಿ, ತಾರೀಕು ಹಾಕಿ ಎತ್ತಿಡಿ. ಬದಲಾಯಿಸಿದ ಒಂದೊಂದು ಪುಟದ ಫೋಟೋವನ್ನೂ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಆಡಿಯೋ ಡ್ರೈವರ್ ಅಪ್‌ಡೇಟ್ ಆದಾಗ ಈ ಸ್ವಿಚ್ಚುಗಳು ಮತ್ತೆ ಆನ್ ಆಗಿರುವುದುಂಟು. ನಮ್ಮ ಮನೆಯಲ್ಲಿ ಎರಡು ತಿಂಗಳಲ್ಲೇ ಹಾಗಾಯಿತು. ಆ ಸಲ ಹಳೆಯ ಫೈಲ್ ಪಕ್ಕದಲ್ಲಿಟ್ಟು ಕೇಳಿದೆ, ಐದು ನಿಮಿಷದಲ್ಲಿ ಸಿಕ್ಕಿತು.